ಬೇಸ್‌ಮೆಂಟ್ ಗೋಡೆಯ ಜಿನುಗು ನಿಂತದ್ದು ಹೀಗೆ

ನಮ್ಮ ಅಪಾರ್ಟ್‌ಮೆಂಟ್ ಇರುವುದು ಬೆಂಗಳೂರಿನ ಬೆಳ್ಳಂದೂರು ಕಡೆಯ ತಗ್ಗಿನಲ್ಲಿ. ಮಳೆಗಾಲದಲ್ಲಿ ಪಾರ್ಕಿಂಗ್ ಗೋಡೆಯ ಬುಡದಿಂದ ನೀರು ಜಿನುಗುತ್ತಿತ್ತು. ಬಂದ ಕಂಟ್ರಾಕ್ಟರುಗಳೆಲ್ಲ ಚದರಡಿ ಲೆಕ್ಕದಲ್ಲಿ ರೇಟು ಹೇಳಿ, ಒಳಗಿನಿಂದ ಎರಡು ಕೋಟ್ ಬಳಿದರೆ ಆಯ್ತು ಅಂದರು. ಹೊರಗಿನ ಮಣ್ಣಿನಿಂದ ನೀರು ಒತ್ತುತ್ತಿರುವಾಗ ಒಳಗೆ ಬಳಿದದ್ದು ಗುಳ್ಳೆ ಎದ್ದು ಕಿತ್ತು ಬರುತ್ತೆ, ಅಲ್ವಾ?

ಒಬ್ಬರು ಮಾತ್ರ ಮೊದಲು ಕಟ್ಟಡದ ಹೊರಗೆ ಒಂದು ಸುತ್ತು ಹಾಕಿದರು. ಟೆರೇಸಿನ ಮಳೆನೀರಿನ ಪೈಪು ಗೋಡೆ ಪಕ್ಕದ ಹೂವಿನ ಪಾತಿಗೇ ಬಿಟ್ಟಿತ್ತು! ಅದನ್ನು ರಸ್ತೆ ಬದಿಯ ಮಳೆನೀರು ಚರಂಡಿಗೆ ತಿರುಗಿಸಿದೆವು. (ಯುಜಿಡಿಗೆ, ಅಂದರೆ ಕೊಳಚೆ ನೀರಿನ ಒಳಚರಂಡಿಗೆ, ಬಿಡುವಂತಿಲ್ಲ.) ಅಷ್ಟಕ್ಕೇ ಜಿನುಗು ಅರ್ಧ ಇಳಿಯಿತು.

ಉಳಿದದ್ದು ಗೋಡೆ, ನೆಲ ಸೇರುವ ಜಾಯಿಂಟಿನದು. ಅಲ್ಲಿ ಓರೆಯಾಗಿ ತೂತು ಕೊರೆದು, ಪ್ಯಾಕರ್ (ದ್ರವ ಒಳಗೆ ತಳ್ಳುವ ಸಣ್ಣ ನಳಿಕೆ) ಕೂರಿಸಿ, ಪಂಪಿನಿಂದ ಪಿಯು ಗ್ರೌಟ್ (ಸಂದು ತುಂಬುವ ಪಾಲಿಯುರೆಥೇನ್ ದ್ರವ) ಒತ್ತಿದರು. ನೀರು ತಾಗಿದ್ದೇ ತಡ, ಅದು ಉಬ್ಬಿ ಪಕ್ಕದ ಪ್ಯಾಕರಿನಿಂದ ನೊರೆಯಾಗಿ ಹೊರಬಂತು. ಒಳಗೆ ತುಂಬಿದೆ ಅನ್ನುವುದಕ್ಕೆ ಅದೇ ಗುರುತು. ಆಮೇಲೆ ಗೋಡೆಯಂಚಿಗೆ ಸಣ್ಣ ಕಾಲುವೆ, ಮೂಲೆಯಲ್ಲಿ ಗುಂಡಿ, ಫ್ಲೋಟ್ ಸ್ವಿಚ್ (ನೀರು ಏರಿದರೆ ತಾನೇ ಆನ್ ಆಗುವಂಥದ್ದು) ಇರುವ ಪಂಪು. ಪಂಪನ್ನು ಜನರೇಟರ್ ಲೈನಿಗೇ ಕೊಟ್ಟೆವು. ಜೋರು ಮಳೆಗೂ ಕರೆಂಟ್ ಹೋಗುವುದಕ್ಕೂ ನಮ್ಮಲ್ಲಿ ಭಾರಿ ದೋಸ್ತಿ.

ಬರೀ "ವಾಟರ್‌ಪ್ರೂಫಿಂಗ್" ಅಂತ ಬರೆದ ಕೊಟೇಶನ್ ಒಪ್ಪಲಿಲ್ಲ. ಎಷ್ಟು ಪ್ಯಾಕರ್, ಎಷ್ಟು ಕಿಲೋ ಗ್ರೌಟ್ ಅಂತ ಬರೆಸಿಕೊಂಡೆವು. ಕೊನೆಯ ಕಂತು ಮಳೆಗಾಲ ಮುಗಿದ ಮೇಲೆ ಅಂದಾಗ ಅವರು ಸ್ವಲ್ಪ ಗೊಣಗಿದರು, ಆದರೆ ಒಪ್ಪಿದರು. ಈಗ ಉಳಿದಿರುವ ಕೆಲಸ ಇಷ್ಟೇ: ಗುಂಡಿಯ ಜಾಲರಿಗೆ ಎಲೆ, ಕಸ ಕಟ್ಟಿಕೊಳ್ಳುತ್ತೆ, ವಾರಕ್ಕೊಮ್ಮೆ ತೆಗೆದು ತೊಳೆಯಬೇಕು.