ದಾರಿಯಲ್ಲಿರುವ ಗಾಡಿ ನಿಮ್ಮ ಹೆಸರಿಗೆ ಬರಬೇಕಾದರೆ

“ಗಾಡಿ ದಾರ್ಯಾಗ ಐತ್ರಿ ಸರ್, ಮುಂದಿನ ವಾರ ಬಂದುಬಿಡ್ತೈತಿ.” ಹೊಸ ಕಾರು ಬುಕ್ ಮಾಡಿದವರೆಲ್ಲ ಈ ಮಾತು ಕೇಳಿಯೇ ಇರುತ್ತಾರೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಶೋರೂಮೊಂದರಲ್ಲಿ ಸ್ಟಾಕ್ ಮತ್ತು ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದ ನಾನು ಗಾಜಿನ ಗೋಡೆಯ ಆಚೆ ಕೂತು ಇದನ್ನು ವರ್ಷಗಟ್ಟಲೆ ಕೇಳಿದ್ದೇನೆ. ಹೇಳುವ ಹುಡುಗರು ಸುಳ್ಳೇನೂ ಹೇಳುತ್ತಿರಲಿಲ್ಲ. ದಾರಿಯಲ್ಲಿ ಗಾಡಿ ಇರುತ್ತಿತ್ತು. ಅದು ಯಾರದ್ದು ಎಂಬುದಷ್ಟೇ ಇನ್ನೂ ತೀರ್ಮಾನವಾಗಿರುತ್ತಿರಲಿಲ್ಲ. ಆ ತೀರ್ಮಾನ ನನ್ನ ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ, ಸೇಲ್ಸ್ ಮ್ಯಾನೇಜರರ ಒಂದು ಮಾತಿನ ಮೇಲೆ ಆಗುತ್ತಿತ್ತು. ಈಗ ಆ ಕೆಲಸ ಬಿಟ್ಟಿದ್ದೇನೆ. ಆದರೂ ಬಂಧುಬಳಗದಲ್ಲಿ ಯಾರೇ ಕಾರು ತಗೊಳ್ಳಲಿ, ಮೊದಲ ಫೋನು ನನಗೇ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬುಕಿಂಗ್ ಹಣ ಕೊಟ್ಟಾಗ ನಿಮಗೆ ಸಿಗುವುದು ಸರದಿಯಲ್ಲಿ ಒಂದು ಜಾಗ. ಕಾರು ನಿಮ್ಮದಾಗುವುದು ಚಾಸಿ ನಂಬರ್, ಅಂದರೆ ಪ್ರತಿ ಗಾಡಿಗೂ ಬೇರೆಬೇರೆ ಇರುವ ಗುರುತಿನ ಸಂಖ್ಯೆ, ನಿಮ್ಮ ಹೆಸರಿನ ಮುಂದೆ ಬಿದ್ದಾಗ. ಇವೆರಡರ ನಡುವೆ ಒಂದು ವಾರವೂ ಇರಬಹುದು, ಒಂದು ವರ್ಷವೂ ಇರಬಹುದು. 2022ರ ಜುಲೈ 30ರಂದು ಮಹೀಂದ್ರಾದ ಸ್ಕಾರ್ಪಿಯೊ-ಎನ್ ಬುಕಿಂಗ್ ತೆರೆದಾಗ ಅರ್ಧ ಗಂಟೆಯೊಳಗೆ 1 ಲಕ್ಷ ಜನ ಬುಕ್ ಮಾಡಿದರು. ಆವತ್ತು ಎಲ್ಲರ ಕೈಯಲ್ಲೂ ಒಂದೇ ಥರದ ರಸೀದಿ ಇತ್ತು. ಆದರೆ ಮೊದಲ ನಿಮಿಷದವರಿಗೂ ಇಪ್ಪತ್ತೈದನೇ ನಿಮಿಷದವರಿಗೂ ತಿಂಗಳುಗಳ ಅಂತರ.

ಸರದಿ ಒಳಗಿನಿಂದ ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಶೋರೂಮಿನ ಡೀಲರ್, ಕಾರು ತಯಾರಿಸುವ ಕಂಪನಿಯಿಂದ ಗಾಡಿಯನ್ನು ದುಡ್ಡು ಕೊಟ್ಟು ಕೊಳ್ಳುತ್ತಾನೆ, ಅದೂ ಸಾಮಾನ್ಯವಾಗಿ ಬ್ಯಾಂಕಿನ ಸಾಲದಲ್ಲಿ. ಕಂಪನಿ ಬಿಲ್ ಮಾಡಿದ ಮೇಲೆ ಗಾಡಿ ಟ್ರಕ್ಕಿನ ಮೇಲಿರಲಿ ಯಾರ್ಡಿನಲ್ಲಿರಲಿ, ಆ ಸಾಲಕ್ಕೆ ಬಡ್ಡಿ ಓಡುತ್ತಲೇ ಇರುತ್ತದೆ. ಹಾಗಾಗಿ ಯಾರ್ಡಿಗೆ ಬಂದ ಬಿಳಿ ಬಣ್ಣದ ಗಾಡಿಯೊಂದು ಸರದಿಯ ಮೊದಲನೆಯವರಿಗೆ ಸಲ್ಲಬೇಕು ಎಂದಿದ್ದರೂ, ಅವರ ಸಾಲ ಇನ್ನೂ ಮಂಜೂರಾಗಿಲ್ಲ, ನಾಲ್ಕನೆಯವರು ನಾಳೆಯೇ ಪೂರ್ತಿ ಹಣ ಕಟ್ಟಲು ತಯಾರಿದ್ದಾರೆ ಎಂದರೆ, ಗಾಡಿ ನಾಲ್ಕನೆಯವರ ಮನೆಗೆ ಹೋಗುತ್ತದೆ. ಕೆಲವು ಕಂಪನಿಗಳಲ್ಲಿ ಸಾಫ್ಟ್‌ವೇರೇ ಸರದಿ ಕಾಯುತ್ತದೆ. ಅಲ್ಲೂ ‘ಗ್ರಾಹಕರು ಸಿದ್ಧರಿಲ್ಲ’ ಎಂದು ಗುರುತು ಹಾಕಿ ಮುಂದಿನವರಿಗೆ ಹೋಗಲು ದಾರಿ ಇರುತ್ತದೆ. ಇದನ್ನು ಮೋಸ ಎನ್ನಲಾರೆ, ವ್ಯಾಪಾರ. ಶಿಫಾರಸು, ಪರಿಚಯ, ಜಗಳ ಇವು ಯಾವುದಕ್ಕಿಂತಲೂ ಬಲವಾದದ್ದು ತಯಾರಾಗಿರುವ ಕಾಗದಪತ್ರ.

ಹಾಗಾದರೆ ಬುಕಿಂಗಿನ ದಿನ ಏನು ಮಾಡಬೇಕು?

ಹೆಸರು ಮೊದಲು. ಆರ್‌ಸಿ (ನೋಂದಣಿ ಪತ್ರ) ಯಾರ ಹೆಸರಿಗೆ ಬೇಕೋ ಅವರ ಹೆಸರಿಗೇ ಬುಕ್ ಮಾಡಿ. ಅಪ್ಪನ ಹೆಸರಲ್ಲಿ ಬುಕ್ ಮಾಡಿ, ಸಾಲ ಮಗನ ಹೆಸರಿಗೆ ಆದಾಗ ಬದಲಾಯಿಸಲು ಹೋದರೆ ಅದು ಹೊಸ ಬುಕಿಂಗ್ ಆಗಿಬಿಡಬಹುದು, ಸರದಿಯ ಕೊನೆಗೆ ನಿಲ್ಲಬೇಕಾದೀತು. ವೇರಿಯಂಟ್, ಇಂಧನ, ಗೇರ್‌ಬಾಕ್ಸ್, ಬಣ್ಣ ಇಷ್ಟೂ ಬುಕಿಂಗ್ ಫಾರಂನಲ್ಲಿ ಬರೆಸಿ. ‘ಟಾಪ್ ಮಾಡೆಲ್’ ಎಂದು ಬರೆದರೆ ಸಾಲದು, ವೇರಿಯಂಟಿನ ಪೂರ್ತಿ ಹೆಸರು ಬೇಕು. ಬಣ್ಣದ ವಿಷಯದಲ್ಲಿ ಹಟವಿಲ್ಲದಿದ್ದರೆ ಎರಡನೇ ಆಯ್ಕೆಯನ್ನೂ ಬರೆಸಿ, ಕಾಯುವ ಕಾಲ ನಿಜವಾಗಿ ಕಡಿಮೆಯಾಗುವುದು ಇಲ್ಲೇ. ಆದರೆ ನಡುವೆ ಬಣ್ಣ ಅಥವಾ ವೇರಿಯಂಟ್ ಬದಲಿಸಿದರೆ ಹಳೆಯ ತಾರೀಖು ಉಳಿಯುತ್ತದೆಯೇ ಎಂದು ಕೇಳಿಯೇ ಬದಲಿಸಿ.

ಹಣ ಶೋರೂಮಿನ ಹೆಸರಿನ ಬ್ಯಾಂಕ್ ಖಾತೆಗೆ ಹೋಗಬೇಕು. ಸೇಲ್ಸ್ ಹುಡುಗ ಎಷ್ಟೇ ಒಳ್ಳೆಯವನಿರಲಿ, ಅವನ ಸ್ವಂತ ಫೋನ್ ನಂಬರಿಗೆ ಯುಪಿಐ ಮಾಡಬೇಡಿ. ಅವನು ಕೆಲಸ ಬಿಟ್ಟ ದಿನ ನಿಮ್ಮ ಬುಕಿಂಗಿಗೆ ವಾರಸುದಾರರೇ ಇರುವುದಿಲ್ಲ, ಮತ್ತು ಈ ಕೆಲಸದಲ್ಲಿ ಹುಡುಗರು ಬದಲಾಗುತ್ತಲೇ ಇರುತ್ತಾರೆ. ಪಾವತಿಯ ಮೇಲೆ ಕಂಪ್ಯೂಟರ್ ರಸೀದಿ ಬಂತೇ, ಕಂಪನಿಯ ವ್ಯವಸ್ಥೆಯಲ್ಲಿ ಬುಕಿಂಗ್ ನಂಬರ್ ಹುಟ್ಟಿತೇ ನೋಡಿ. ಕಂಪನಿಯ ಆ್ಯಪ್‌ನಿಂದಲೋ ವೆಬ್‌ಸೈಟಿನಿಂದಲೋ ನಿಮ್ಮ ಮೊಬೈಲಿಗೆ ಮೆಸೇಜ್ ಬಂದರೆ ಖಾತ್ರಿ. ಬರೀ ಶೋರೂಮಿನ ಪುಸ್ತಕದಲ್ಲಿ ಬರೆದುಕೊಂಡ ಬುಕಿಂಗ್‌ಗಳೂ ಇರುತ್ತವೆ. ಅವು ಕಂಪನಿಯ ಕಣ್ಣಿಗೆ ಇಲ್ಲವೇ ಇಲ್ಲ. ನಗದು ಕೊಡುವವರಿಗೆ ಒಂದು ಮಾತು: ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದಕ್ಕೆ ಕಾನೂನಿನ ಅಡ್ಡಿ ಇದೆ.

ಬೆಲೆಯ ಬಗ್ಗೆ ಫಾರಂನ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಷರತ್ತು ಇರುತ್ತದೆ: ಡೆಲಿವರಿ ಸಮಯದಲ್ಲಿ ಇರುವ ಬೆಲೆಯೇ ಅನ್ವಯ. ಬುಕ್ ಮಾಡಿದ ದಿನದ ಬೆಲೆ ಉಳಿಯುತ್ತದೆಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ಬರೆಸಿಕೊಳ್ಳಿ. ಈ ಷರತ್ತು ಒಮ್ಮೊಮ್ಮೆ ನಮಗೆ ಲಾಭವನ್ನೂ ತರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿಯಿತು. ಆಗಸ್ಟಿನಲ್ಲಿ ಬುಕ್ ಮಾಡಿ, ಆ ತಾರೀಖಿನ ನಂತರ ಬಿಲ್ ಮಾಡಿಸಿಕೊಂಡವರಿಗೆ ಹೊಸ ದರವೇ ಸಿಕ್ಕಿತು. ಲೆಕ್ಕಕ್ಕೆ ಬರುವುದು ಇನ್‌ವಾಯ್ಸ್, ಅಂದರೆ ಬಿಲ್ಲಿನ ತಾರೀಖು.

ಬೆಲೆ ಹೆಚ್ಚಾಗುವ ಕಡೆ ಕರ್ನಾಟಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೋಂದಣಿ ವೇಳೆ ಒಮ್ಮೆಲೇ ಕಟ್ಟುವ ನಮ್ಮ ರಾಜ್ಯದ ಜೀವಾವಧಿ ರಸ್ತೆ ತೆರಿಗೆ ದೇಶದಲ್ಲೇ ದುಬಾರಿಯವುಗಳಲ್ಲಿ ಒಂದು, ಪೆಟ್ರೋಲ್ ಡೀಸೆಲ್ ಕಾರುಗಳಿಗೆ ಬೆಲೆಗೆ ತಕ್ಕಂತೆ 13ರಿಂದ 18 ಪ್ರತಿಶತ, ಮೇಲೆ ಸೆಸ್ಸು. 10 ಲಕ್ಷದೊಳಗೆ 14 ಇದ್ದದ್ದು 10 ಲಕ್ಷ ದಾಟಿದ ಕೂಡಲೇ 17 ಆಗುತ್ತದೆ. ನಿಮ್ಮ ಗಾಡಿ 9 ಲಕ್ಷ 95 ಸಾವಿರ ಇದ್ದು, ಕಾಯುವ ಅವಧಿಯಲ್ಲಿ ಕಂಪನಿ 10 ಸಾವಿರ ಏರಿಸಿತೆನ್ನಿ. ತೆರಿಗೆಯೇ ಸುಮಾರು 30 ಸಾವಿರ ಹೆಚ್ಚುತ್ತದೆ. 10 ಲಕ್ಷ ದಾಟಿದ್ದಕ್ಕೆ 1 ಪ್ರತಿಶತ ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಕಟ್ಟುವ ಆದಾಯ ತೆರಿಗೆ) ಬೇರೆ. ಅದು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ವಾಪಸ್ ಬರುತ್ತದೆ, ಸದ್ಯಕ್ಕೆ ಕೈಯಿಂದ ಹೋಗುತ್ತದೆ ಅಷ್ಟೆ. ಗಡಿಯಲ್ಲಿರುವ ವೇರಿಯಂಟ್ ಬುಕ್ ಮಾಡುವವರು ಇದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ. ಡಿಸ್ಕೌಂಟ್‌ಗಳದ್ದೂ ಇದೇ ಕಥೆ. ಕಂಪನಿಯ ಸ್ಕೀಮುಗಳು ತಿಂಗಳು ತಿಂಗಳು ಬದಲಾಗುತ್ತವೆ, ಬಿಲ್ ಆದ ತಿಂಗಳ ಸ್ಕೀಮೇ ಸಿಗುವುದು.

ಈಗ ಕಾಯುವ ಕಾಲ. ನಿಮ್ಮ ಗಾಡಿ ಯಾವ ಊರಿಂದ ಬರುತ್ತದೆ ಎಂದು ತಿಳಿದುಕೊಂಡರೆ ‘ದಾರ್ಯಾಗ ಐತಿ’ ಎಂಬ ಮಾತನ್ನು ತೂಗಿ ನೋಡಬಹುದು. ಟೊಯೋಟಾದ ಇನ್ನೋವಾ ಹೈಕ್ರಾಸ್ ನಮ್ಮ ಬಿಡದಿಯದ್ದೇ. ಕಿಯಾ ಬರುವುದು ಆಂಧ್ರದ ಪೆನುಕೊಂಡದ ಕಡೆಯಿಂದ. ಹ್ಯುಂಡೈನ ಹೆಚ್ಚಿನ ಗಾಡಿಗಳು ಚೆನ್ನೈ ಹತ್ತಿರದ ಶ್ರೀಪೆರುಂಬುದೂರಿನಿಂದ, ಮಹೀಂದ್ರಾದ ಎಷ್ಟೋ ಗಾಡಿಗಳು ಪುಣೆ ಬಳಿಯ ಚಾಕಣದಿಂದ. ಚಾಕಣದಿಂದ ಹುಬ್ಬಳ್ಳಿಗೆ ನೇರ ಹೆದ್ದಾರಿ, ಲೋಡ್ ಆದ ಟ್ರಕ್ಕಿಗೆ ಒಂದೆರಡು ದಿನದ ದಾರಿ. ಅಲ್ಲಿಂದ ಹೊರಟ ಗಾಡಿ ಮೂರು ವಾರವಾದರೂ ದಾರಿಯಲ್ಲೇ ಇದೆ ಎಂದರೆ, ಅದು ಬಂದು ಬೇರೆಯವರ ಮನೆ ಸೇರಿದೆ ಅಥವಾ ಹೊರಟೇ ಇಲ್ಲ. ಮಾರುತಿಯ ಗಾಡಿಗಳು ಹರಿಯಾಣ, ಗುಜರಾತಿನಿಂದ ಬರಬೇಕು, ಕೆಲವು ರೈಲಿನಲ್ಲೂ ಬರುತ್ತವೆ. ಅವಕ್ಕೆ ಹೆಚ್ಚು ದಿನ ಹಿಡಿಯುವುದು ಸಹಜ.

ಸೇಲ್ಸ್ ಹುಡುಗನಿಗೆ ದಿನಾ ಫೋನ್ ಮಾಡಬೇಡಿ. “ಅಕ್ಕಾರ, ನಮ್ಮ ಗಾಡಿ ಬಂತೇನ್ರಿ?” ಎಂದು ಬೆಳಗ್ಗೆ ಸಂಜೆ ಕೇಳುವವರಿಗೆ ನಾವು ಕೊಡುತ್ತಿದ್ದ ಉತ್ತರ ಒಂದೇ: “ಬಂದ ಕೂಡ್ಲೇ ತಿಳಸ್ತೀವ್ರಿ.” ಬದಲಿಗೆ ವಾರಕ್ಕೊಮ್ಮೆ ವಾಟ್ಸಾಪಿನಲ್ಲೋ ಇಮೇಲಿನಲ್ಲೋ, ಸೇಲ್ಸ್ ಮ್ಯಾನೇಜರಿಗೂ ತಲುಪುವಂತೆ ಹೀಗೆ ಬರೆಯಿರಿ:

“ನಮಸ್ಕಾರ. ನನ್ನ ಬುಕಿಂಗ್ ನಂಬರ್ ಇಂಥದ್ದು, ತಾರೀಖು ಇಂಥದ್ದು. ಇದೇ ವೇರಿಯಂಟ್, ಇದೇ ಬಣ್ಣದಲ್ಲಿ ನನಗಿಂತ ಮುಂದೆ ಎಷ್ಟು ಜನ ಇದ್ದಾರೆ? ಕಂಪನಿಯಿಂದ ನಿಮಗೆ ಬಿಲ್ ಆಗಿರುವ ಗಾಡಿಗಳಲ್ಲಿ ನನಗೆ ಅಲಾಟ್ ಆಗಿದೆಯೇ? ಆಗಿದ್ದರೆ ಚಾಸಿ ನಂಬರ್ ತಿಳಿಸಿ. ನನ್ನ ಸಾಲ ಮಂಜೂರಾಗಿದೆ, ಪತ್ರ ಲಗತ್ತಿಸಿದ್ದೇನೆ. ಗಾಡಿ ಅಲಾಟ್ ಆದ ಎರಡು ದಿನದೊಳಗೆ ಉಳಿದ ಹಣ ಪಾವತಿಸುತ್ತೇನೆ.”

ಕೊನೆಯ ಎರಡು ವಾಕ್ಯಗಳನ್ನು ಬಿಡಬೇಡಿ. ಮ್ಯಾನೇಜರ್ ಹುಡುಕುತ್ತಿರುವುದು ಹೀಗೆ ಬರೆಯುವ ಗ್ರಾಹಕರನ್ನೇ. ತಿಂಗಳ ಕೊನೆಯ ವಾರದಲ್ಲಿ, ಟಾರ್ಗೆಟ್ ಮುಟ್ಟಲು ನಾಲ್ಕು ಗಾಡಿ ಕಡಿಮೆ ಬಿದ್ದಾಗ, ಇಂಥ ಮೆಸೇಜಿನ ಬೆಲೆ ಏನೆಂದು ನಾನು ಕಣ್ಣಾರೆ ಕಂಡಿದ್ದೇನೆ.

ಸಾಲ ಮಂಜೂರು ಮಾಡಿಸಿಕೊಳ್ಳುವುದು ಬೇರೆ, ಹಣ ಬಿಡುಗಡೆ ಮಾಡಿಸುವುದು ಬೇರೆ. ಮೊದಲನೆಯದನ್ನು ಬೇಗ ಮಾಡಿ, ಎರಡನೆಯದಕ್ಕೆ ಅವಸರ ಬೇಡ. ಬ್ಯಾಂಕ್ ಹಣ ಬಿಡುಗಡೆಯಾದ ದಿನದಿಂದ ಬಡ್ಡಿ ಶುರು, ಗಾಡಿ ಮನೆಗೆ ಬಂದಿರಲಿ ಬಿಡಲಿ. ಮಂಜೂರಾತಿ ಪತ್ರಕ್ಕೂ ಇಂತಿಷ್ಟು ದಿನ ಎಂಬ ಆಯುಸ್ಸಿರುತ್ತದೆ, ಅದು ಮುಗಿಯುವ ಮುಂಚೆ ಬ್ಯಾಂಕಿನವರನ್ನು ಕಂಡು ನವೀಕರಿಸಿಕೊಳ್ಳಿ.

ಚಾಸಿ ನಂಬರ್ ಬಂತು ಎಂದುಕೊಳ್ಳಿ. ಅದು 17 ಅಕ್ಷರ-ಅಂಕಿಗಳ ಸಾಲು. ಇಂಗ್ಲಿಷಿನ ಐ, ಓ, ಕ್ಯೂ ಅದರಲ್ಲಿ ಇರುವುದೇ ಇಲ್ಲ, 1, 0 ಅಂಕಿಗಳ ಜೊತೆ ಗೊಂದಲವಾಗದಿರಲೆಂದು. ಮೊದಲ ಮೂರು ತಯಾರಕರ ಗುರುತು: ಎಂಎ3 ಮಾರುತಿ, ಎಂಎಎಲ್ ಹ್ಯುಂಡೈ, ಎಂಎಟಿ ಟಾಟಾ, ಎಂಎ1 ಮಹೀಂದ್ರಾ, ಎಂಬಿಜೆ ಟೊಯೋಟಾ. ಬಹಳಷ್ಟು ಕಂಪನಿಗಳಲ್ಲಿ ಹತ್ತನೆಯ ಅಕ್ಷರ ವರ್ಷವನ್ನು ಹೇಳುತ್ತದೆ, 2025ಕ್ಕೆ ಎಸ್, 2026ಕ್ಕೆ ಟಿ. ಜನವರಿಯಲ್ಲಿ ಗಾಡಿ ತಗೊಳ್ಳುವವರು ಇದನ್ನು ನೋಡಲೇಬೇಕು. ಹಿಂದಿನ ನವೆಂಬರಿನಲ್ಲಿ ತಯಾರಾದ ಗಾಡಿಯನ್ನು ಹೊಸ ವರ್ಷದ್ದೆಂದು ಪೂರ್ತಿ ಬೆಲೆಗೆ ಕೊಟ್ಟರೆ, ಮುಂದೆ ಮಾರುವಾಗ ನಷ್ಟ ನಿಮ್ಮದು. ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು, ವರ್ಷ ಎರಡೂ ಅಚ್ಚಾಗುತ್ತವೆ. ಹಳೆಯ ವರ್ಷದ ಗಾಡಿ ಬೇಡವೇ ಬೇಡ ಎನ್ನುವುದಿಲ್ಲ, ಒಳ್ಳೆ ಡಿಸ್ಕೌಂಟ್ ಇದ್ದರೆ ನಾನೇ ತಗೊಳ್ಳುತ್ತೇನೆ. ಗೊತ್ತಿದ್ದು ತಗೊಳ್ಳಬೇಕು ಅಷ್ಟೆ.

ನಂಬರ್ ಕೊಡಲು ಹಿಂದೆಮುಂದೆ ನೋಡಿದರೆ ಪೂರ್ತಿ ಹಣ ಕಟ್ಟಬೇಡಿ. ವಿಮೆ ಪಾಲಿಸಿಗೆ ಚಾಸಿ ನಂಬರ್ ಬೇಕೇ ಬೇಕು. ‘ಇನ್ಶೂರೆನ್ಸ್ ಹಣ ಕಟ್ಟಿ’ ಎಂದರೆ ನಂಬರ್ ಅವರ ಬಳಿ ಇದ್ದೇ ಇದೆ ಎಂದರ್ಥ. ಅಂದಹಾಗೆ ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಅದನ್ನು ಎಲ್ಲಿ ಕೊಳ್ಳುತ್ತೀರಿ ಎಂಬುದು ನಿಮ್ಮ ಇಷ್ಟ. ಹೊರಗೆ ಒಂದೆರಡು ಕೊಟೇಶನ್ ತಂದು ತೋರಿಸಿ, ಶೋರೂಮಿನ ದರವೂ ಸಾಮಾನ್ಯವಾಗಿ ಇಳಿಯುತ್ತದೆ.

ರಿಜಿಸ್ಟ್ರೇಷನ್ನಿಗೆ ಮುಂಚೆ ಗಾಡಿಯನ್ನು ಯಾರ್ಡಿನಲ್ಲೇ ಹಗಲು ಬೆಳಕಿನಲ್ಲಿ ನೋಡಿ. ಒಮ್ಮೆ ನಿಮ್ಮ ಹೆಸರಿಗೆ ನೋಂದಣಿಯಾದರೆ ಬದಲಿಸಿಕೊಡಿ ಎನ್ನುವುದು ಆಗದ ಮಾತು. ಬಾಡಿಯ ಮೇಲಿನ ಚಾಸಿ ನಂಬರ್ ನಿಮಗೆ ಕೊಟ್ಟಿದ್ದೇ ಹೌದೋ, ಬಂಪರಿನ ಅಂಚಿನಲ್ಲಿ ಪೇಂಟ್ ಒಂದೇ ಛಾಯೆಯಲ್ಲಿದೆಯೋ ನೋಡಿ. ಟೈರಿನ ಮೇಲಿನ ನಾಲ್ಕು ಅಂಕಿ ವಾರ ಮತ್ತು ವರ್ಷ, 2225 ಎಂದರೆ 2025ರ 22ನೇ ವಾರ. ಗಾಡಿ ಮಾಡಿದ ತಿಂಗಳಿಗೂ ಟೈರಿಗೂ ವರ್ಷದ ಅಂತರವಿದ್ದರೆ ಪ್ರಶ್ನೆ ಕೇಳಿ.

ಹಬ್ಬದ ವಿಷಯ ಹೇಳದಿದ್ದರೆ ನಮ್ಮವರಿಗೆ ಸಮಾಧಾನವಿಲ್ಲ. ಆಯುಧ ಪೂಜೆ, ಯುಗಾದಿ, ಅಕ್ಷಯ ತೃತೀಯ, ಧನತ್ರಯೋದಶಿಗೆ ಎಲ್ಲರಿಗೂ ಅದೇ ದಿನ ಗಾಡಿ ಬೇಕು. ಆವತ್ತು ಡೆಲಿವರಿ ಎಂದರೆ ನಿಂಬೆಹಣ್ಣು ಚಕ್ರದ ಕೆಳಗಿಡಲೂ ಪುರುಸೊತ್ತಿಲ್ಲ, ಫೀಚರ್‌ಗಳನ್ನು ಯಾರೂ ವಿವರಿಸುವುದಿಲ್ಲ. ಬಿಲ್, ತಪಾಸಣೆ, ನೋಂದಣಿ ಎಲ್ಲ ವಾರ ಮುಂಚೆ ಮುಗಿಸಿ, ಹಬ್ಬದ ದಿನ ಕೀಲಿಕೈ ಮಾತ್ರ ತಗೊಳ್ಳಿ. ಆಷಾಢದಲ್ಲಿ ಶೋರೂಮು ಖಾಲಿ. ನಂಬಿಕೆ ಅಡ್ಡ ಬರದವರಿಗೆ ಗಾಡಿ ಬೇಗ ಅಲಾಟ್ ಆಗುವುದೂ, ಚೌಕಾಶಿಗೆ ಮ್ಯಾನೇಜರ್ ಕೂತು ಮಾತಾಡುವುದೂ ಆಗಲೇ.

ಕಾದು ಕಾದು ಸಾಕಾಗಿ ರದ್ದು ಮಾಡುವುದಾದರೆ, ಬಾಯಲ್ಲಿ ಹೇಳಿ ಬರಬೇಡಿ. ರಸೀದಿಯ ಪ್ರತಿ, ಬ್ಯಾಂಕ್ ಖಾತೆಯ ವಿವರದೊಂದಿಗೆ ಅರ್ಜಿ ಕೊಟ್ಟು, ನಕಲಿನ ಮೇಲೆ ಶೋರೂಮಿನ ಸೀಲು, ತಾರೀಖು ಹಾಕಿಸಿಕೊಳ್ಳಿ. ಮೂಲ ರಸೀದಿ ಕೇಳಿದರೆ ಫೋಟೊ ತೆಗೆದಿಟ್ಟುಕೊಂಡೇ ಕೊಡಿ. ಎಷ್ಟು ಕಡಿತ ಎಂಬುದು ಬುಕಿಂಗ್ ಫಾರಂನಲ್ಲಿ ಬರೆದಿರುತ್ತದೆ, ಅಲ್ಲಿ ಇಲ್ಲದ ಕಡಿತಕ್ಕೆ ಒಪ್ಪಬೇಕಿಲ್ಲ. ಹೇಳಿದ ಗಡುವಿನೊಳಗೆ ಹಣ ಬಾರದಿದ್ದರೆ ಮೊದಲು ಕಂಪನಿಯ ಗ್ರಾಹಕ ಸೇವೆಗೆ ಬುಕಿಂಗ್ ನಂಬರ್ ಸಮೇತ ಬರೆಯಿರಿ, ಹೆಚ್ಚಿನವು ಅಲ್ಲೇ ಬಗೆಹರಿಯುತ್ತವೆ. ಆಗಲೂ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅದರ ನಂತರ ಜಿಲ್ಲಾ ಗ್ರಾಹಕ ಆಯೋಗ.