ಪಿಕಪ್ ಗಾಡಿಗೆ ಕೊನೆಗೂ ಪಿಕಪ್ ಬಂತು

ಶಹಾಬಾದ್ ಕಡೆ ಕಲ್ಲಿನ ಖಣಿಗೆ ಗಾಡಿ ಇಳಿಸಿದವರಿಗೆ ನನ್ನ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಇಳಿಯುವುದು ಸಲೀಸು. ಇಂಚು ದಪ್ಪದ ಒಂದು ಚದರ ಅಡಿ ಕಲ್ಲು ಆರು ಕಿಲೊಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ. 240 ಅಡಿ ಹೇರಿದರೆ ಒಂದೂವರೆ ಟನ್. ಅಷ್ಟನ್ನು ಹೊತ್ತು ತಳದಿಂದ ಮೇಲಕ್ಕೆ ಬರಬೇಕು. ನನ್ನ ಗಾಡಿ ಫಸ್ಟ್ ಗೇರಿನಲ್ಲಿ, ಅರ್ಧ ಕ್ಲಚ್‌ನಲ್ಲಿ, ನರಳುತ್ತಾ ಏರುತ್ತಿತ್ತು. ಹಿಂದಿನ ಟ್ರ್ಯಾಕ್ಟರಿನವರು ಹಾರ್ನ್ ಹೊಡೆದು ನಗುತ್ತಿದ್ದರು. ರೋಡಿಗೆ ಬಂದ ಮೇಲೂ ಅದೇ ಗೋಳು. ಲೋಡ್ ಇದ್ದಾಗ ನಿಂತಲ್ಲಿಂದ 60 ಕಿಲೊಮೀಟರ್ ವೇಗಕ್ಕೆ ಬರಲು 24 ಸೆಕೆಂಡ್, ಹೆಚ್ಚೂಕಮ್ಮಿ.

ಗಾಡಿ ಸೆಕೆಂಡ್ ಹ್ಯಾಂಡ್. 2.5 ಲೀಟರ್ ಕಾಮನ್ ರೈಲ್ ಡೀಸೆಲ್, ಐದು ಗೇರು. ಕಂಪನಿ ಹೆಸರು ಬೇಡ ಬಿಡಿ.

ಎಲ್ಲರಂತೆ ನಾನೂ ಮೊದಲು ಎಂಜಿನ್ ಹಿಂದೆ ಬಿದ್ದೆ. ಡೀಸೆಲ್ ಒತ್ತಡ ಅಳೆಯುವ ರೈಲ್ ಪ್ರೆಶರ್ ಸೆನ್ಸರಿಗೆ ಸಿಕ್ಕಿಸಿ, ಎಂಜಿನ್ನಿಗೆ ಜಾಸ್ತಿ ಡೀಸೆಲ್ ಹೋಗುವಂತೆ ಮಾಡುವ ಬಾಕ್ಸ್ ಒಂದನ್ನು 9 ಸಾವಿರ ಕೊಟ್ಟು ತರಿಸಿದೆ. ಎರಡು ದಿನ ಖುಷಿಯೋ ಖುಷಿ. ಮೂರನೇ ದಿನ ಹಿಂದೆ ನೋಡಿದರೆ ಇಟ್ಟಿಗೆ ಭಟ್ಟಿಯ ಹಾಗೆ ಕಪ್ಪು ಹೊಗೆ. ವಾರದಲ್ಲಿ ಕ್ಲಚ್ ಜಾರತೊಡಗಿತು. ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ನಿಂತಲ್ಲೇ. ಬಾಕ್ಸ್ ಕಿತ್ತು ಎರಡೂವರೆ ಸಾವಿರಕ್ಕೆ ಮಾರಿದೆ. ಆಮೇಲೆ ಗೊತ್ತಾಯಿತು, ಕ್ಲಚ್ ಮೊದಲಿಂದಲೂ ಸ್ವಲ್ಪ ಜಾರುತ್ತಲೇ ಇತ್ತು. ಬಾಕ್ಸ್ ಅದನ್ನು ತೋರಿಸಿಕೊಟ್ಟಿತು ಅಷ್ಟೇ. ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು, ಕೂಲಿ ಸೇರಿ ಎಂಟೂವರೆ ಸಾವಿರ ಹೋಯಿತು. 24 ಸೆಕೆಂಡ್ ಇದ್ದದ್ದು 23 ಆಯಿತು. ಹಳೆ ಗಾಡಿಗೆ ಏನೇ ಮಾಡಿಸುವ ಮುಂಚೆ ಕ್ಲಚ್ ನೋಡಿ.

ಇನ್ನೊಂದು ಕಳ್ಳ ಟೈರಿನಲ್ಲಿ ಕೂತಿದ್ದ. ಹಿಂದಿನ ಮಾಲೀಕರು ಶೋಕಿಗೆ 235/75 ಆರ್ 15 ಸೈಜಿನ ದೊಡ್ಡ ಟೈರು ಹಾಕಿಸಿದ್ದರು. ಕಂಪನಿ ಕೊಟ್ಟದ್ದು 215/75. ಎರಡರ ಎತ್ತರಕ್ಕೆ ಮೂರು ಸೆಂಟಿಮೀಟರ್ ವ್ಯತ್ಯಾಸ. ಟೈರು ದೊಡ್ಡದಾದಷ್ಟೂ ಎಳೆತ ಕಮ್ಮಿ, ಅಂದರೆ ಶೇಕಡಾ 4 ಸುಮ್ನೆ ನಷ್ಟ. ಟೈರು ಹೇಗಿದ್ದರೂ ಸವೆದಿದ್ದವು, ಹಳೆ ಸೈಜಿಗೆ ಬಂದೆ. ಇದೇ ಹುಮ್ಮಸ್ಸಿನಲ್ಲಿ ಕ್ಯಾಬಿನ್ ಮೇಲಿನ ಕಬ್ಬಿಣದ ಜಾಲರಿ, ಟೂಲ್ ಪೆಟ್ಟಿಗೆ ಎಲ್ಲ ಇಳಿಸಿ 90 ಕಿಲೊ ಭಾರ ಕಮ್ಮಿ ಮಾಡಿದೆ. ಒಂದೂವರೆ ಟನ್ ಕಲ್ಲಿನ ಮುಂದೆ ಅದು ಯಾವ ಲೆಕ್ಕ! ಹಗ್ಗ ಕಟ್ಟಲು ಜಾಗವಿಲ್ಲದೆ ಜಾಲರಿ ಮತ್ತೆ ಏರಿಸಿದೆ.

ಆಮೇಲೆ ಬಂದದ್ದು ಕ್ರೌನ್ ಪಿನಿಯನ್ ಯೋಚನೆ. ಹಿಂದಿನ ಆ್ಯಕ್ಸಲ್ ಒಳಗೆ ಎಂಜಿನ್ನಿನ ಸುತ್ತನ್ನು ಗಾಲಿಗೆ ದಾಟಿಸುವ ಹಲ್ಲಿನ ಗೇರುಗಳ ಜೋಡಿ ಅದು; ದೊಡ್ಡದು ಕ್ರೌನ್, ಚಿಕ್ಕದು ಪಿನಿಯನ್. ನನ್ನದು 41ಕ್ಕೆ 10 ಹಲ್ಲು, ಅಂದರೆ ಪಿನಿಯನ್ 4.10 ಸುತ್ತು ತಿರುಗಿದರೆ ಕ್ರೌನ್ ಒಂದು ಸುತ್ತು. ಅದೇ ಕಂಪನಿಯ ಭಾರದ ಮಾಡಲ್‌ಗೆ 41ಕ್ಕೆ 9 ಬರುತ್ತದೆ, 4.56. ಪ್ರತಿ ಗೇರಿನಲ್ಲೂ ಗಾಲಿಗೆ ಶೇಕಡಾ 11 ಜಾಸ್ತಿ ಎಳೆತ. ಕಲಬುರಗಿಯ ಕಪನೂರಿನ ಗ್ಯಾರೇಜಿನಲ್ಲಿ ಇದನ್ನು ಹೇಳಿದರೆ ಎಲ್ಲ ನಕ್ಕರು. "ಎಂಜಿನ್‌ಗೇ ದಮ್ ಇಲ್ಲ ಕಾಕಾ, ಒಂದ್ ಹಲ್ಲು ಕಮ್ಮಿ ಮಾಡಿದ್ರ ಏನಾಗ್ತದ?" ಅಂದ ಒಬ್ಬ. "ಟಾಪ್ ಸ್ಪೀಡ್ ಹೋಗ್ತದ ನೋಡ್ರಿ" ಅಂದ ಇನ್ನೊಬ್ಬ. ಗೂಡ್ಸ್ ಗಾಡಿಗೆ 80ಕ್ಕೆ ವೇಗ ತಡೆಯುವ ಗವರ್ನರ್ ಇರುವಾಗ ಟಾಪ್ ಸ್ಪೀಡ್ ಕಟ್ಟಿಕೊಂಡು ಏನು ಮಾಡಲಿ? ನಾಲ್ಕನೇ ಗೇರಿನಲ್ಲಿ 60 ಓಡುವಾಗ ಮೊದಲು ಎಂಜಿನ್ ನಿಮಿಷಕ್ಕೆ ಸುಮಾರು 1,850 ಸುತ್ತು. ಹೊಸ ಸೆಟ್ಟಿಗೆ 2,050. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಎದ್ದು ಕೂತಿರುವ ಜಾಗ ಅದು.

ಯೋಚನೆ ಸರಿಯಿತ್ತು, ಜಿಪುಣತನ ಕೆಡಿಸಿತು. ಗುಜರಿಯಲ್ಲಿ ಐದೂವರೆ ಸಾವಿರಕ್ಕೆ ಸೆಟ್ ಸಿಕ್ಕಿತು. ಅದಕ್ಕೂ ಮುಂಚೆ ನೋಡಿದ ಒಂದು ಹೌಸಿಂಗನ್ನು (ಕ್ರೌನ್ ಪಿನಿಯನ್ ಕೂತಿರುವ ಆ್ಯಕ್ಸಲ್ ಕವಚ) 4.56 ಎಂದೇ ನನಗೆ ದಾಟಿಸಲು ನೋಡಿದ್ದರು. ಒಂದು ಗಾಲಿ ಕಟ್ಟಿಹಾಕಿ, ಇನ್ನೊಂದನ್ನು ಪೂರ್ತಿ ಎರಡು ಸುತ್ತು ತಿರುಗಿಸಿ (ಆಗ ಕ್ರೌನ್ ತಿರುಗುವುದು ಒಂದೇ ಸುತ್ತು), ಪಿನಿಯನ್ ಹೊರತುದಿಯ ಫ್ಲ್ಯಾಂಜಿಗೆ ಚಾಕ್ ಗುರುತು ಹಾಕಿ ಎಣಿಸಿದೆ. ನಾಲ್ಕು ಸುತ್ತು, ಮೇಲೆ ಚೂರು. ನನ್ನದೇ ರೇಶಿಯೊ! ಅಷ್ಟು ಜಾಣತನ ತೋರಿದವನು ಎರಡನೇ ಕಡೆ ಮೋಸ ಹೋದೆ. ಹಲ್ಲಿನ ಲೆಕ್ಕ ಸರಿಯಿತ್ತು, ಆದರೆ ಕ್ರೌನ್ ಒಂದು ಗಾಡಿಯದು, ಪಿನಿಯನ್ ಇನ್ನೊಂದರದು. ಒಂದಕ್ಕೊಂದು ಹೊಂದಿಸಿದ ಎರಡರ ಮೇಲೂ ಹೊಡೆದಿರುವ ಜೋಡಿ ನಂಬರ್ ನೋಡಿರಲಿಲ್ಲ. ಮೊದಲ ದಿನವೇ 40 ದಾಟಿದರೆ ಕುಂಯ್ ಎಂದು ಅಳು. "ಕೂತುಕೊಳ್ಳುತ್ತದೆ" ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹನ್ನೊಂದನೇ ದಿನ ರಿಂಗ್ ರೋಡಿನಲ್ಲಿ ಟಕ್ ಎಂದಿತು. ಬಿಚ್ಚಿದರೆ ಆಯಿಲ್‌ನಲ್ಲಿ ಮೂರು ಹಲ್ಲು. ಎಳೆಸಿದ ಬಾಡಿಗೆ, ಕೂಲಿ, ಸೆಟ್ಟಿನ ದುಡ್ಡು ಸೇರಿ ಹತ್ತಿರ ಹತ್ತಿರ 10 ಸಾವಿರ ಮಣ್ಣುಪಾಲು. ಮನೆಯಲ್ಲಿ ಎರಡು ದಿನ ಮಾತಿಲ್ಲ.

ಮತ್ತೆ ಹೊಸ ಜೋಡಿ ತಂದೆ. 15 ಸಾವಿರ ಚಿಲ್ಲರೆ. ಬೇರಿಂಗು, ಸೀಲು, ಆಯಿಲ್‌ಗೆ 5, ಕೂಲಿಗೆ 4. ಈ ಸಲ ಕೂರಿಸಿದ್ದು ಒಬ್ಬ ಹಿರಿಯ ಉಸ್ತಾದ್. ಡಯಲ್ ಗೇಜ್ ಇಟ್ಟು ಹಲ್ಲಿನ ನಡುವಿನ ಆಟ 0.15ರಿಂದ 0.20 ಮಿಲಿಮೀಟರ್ ಒಳಗೆ ಬರುವ ತನಕ ಬಿಡಲಿಲ್ಲ. ಹಲ್ಲಿಗೆ ಬಣ್ಣ ಸವರಿ, ಎಲ್ಲಿ ತಾಗುತ್ತದೆ ಎಂದು ಗುರುತು ನೋಡಿದ್ದೇ ನಾಲ್ಕು ಸಲ. ಮೇ ತಿಂಗಳ ಬಿಸಿಲು, ಶೆಡ್ಡಿನೊಳಗೆ ಕಾದ ಹೆಂಚು. ಇಬ್ಬರೂ ಬೆವರಿನಲ್ಲಿ ತೊಯ್ದಿದ್ದೆವು. ಪಿನಿಯನ್ ಹಿಂದೆ ಎಷ್ಟು ಶಿಮ್ (ತೆಳು ಲೋಹದ ಬಿಲ್ಲೆ) ಹೋಯಿತು, ಲೋಡ್ ಗಾಡಿಗೆ ಗುರುತನ್ನು ಹಲ್ಲಿನ ಯಾವ ತುದಿಗೆ ಚೂರು ಸರಿಸಿದೆವು ಎಂಬುದು ನಮ್ಮಿಬ್ಬರಲ್ಲೇ ಇರಲಿ. ಮೊದಲ 500 ಕಿಲೊಮೀಟರ್ ಕಲ್ಲು ಹೇರಲಿಲ್ಲ. ತರಕಾರಿ ಬಾಡಿಗೆಗೇ ಓಡಿಸಿದೆ. ಆಮೇಲೆ ಆಯಿಲ್ ಬದಲಾಯಿಸಿದೆ.

ಈಗ ಖಣಿಯಿಂದ ಫಸ್ಟ್ ಗೇರಿನಲ್ಲಿ, ಪೂರ್ತಿ ಕ್ಲಚ್ ಬಿಟ್ಟು ಏರುತ್ತೇನೆ. 60ಕ್ಕೆ ಫೋನಿನ ಜಿಪಿಎಸ್ ಹಿಡಿದು ಮೂರು ಸಲ ನೋಡಿದೆ, 20 ಸೆಕೆಂಡ್ ಆಸುಪಾಸು. ಹುಮನಾಬಾದ್ ದಾರಿಯಲ್ಲಿ ಸೆಕೆಂಡಿಗೆ ಇಳಿಯುತ್ತಿದ್ದ ಏರನ್ನು ಥರ್ಡಿನಲ್ಲೇ ಮುಗಿಸುತ್ತೇನೆ.

ಒಂದು ನಗೆಪಾಟಲಿನ ಕಥೆ. ಮೊದಲ ತಿಂಗಳು ಮೈಲೇಜ್ ಹನ್ನೆರಡೂವರೆಯಿಂದ 13 ಆಯಿತು ಎಂದು ಊರೆಲ್ಲ ಹೇಳಿಕೊಂಡು ಬಂದೆ. ನನ್ನ ಗಾಡಿಯ ಮೀಟರ್ ಓಡುವುದು ಗಾಲಿಯಿಂದ ಅಲ್ಲ, ಗೇರ್‌ಬಾಕ್ಸಿನಿಂದ. ಹಲ್ಲು ಬದಲಾದ ಮೇಲೆ ಅದು ಶೇಕಡಾ 11 ಜಾಸ್ತಿ ತೋರಿಸುತ್ತಿತ್ತು! ನಿಜವಾದ ಮೈಲೇಜ್ ಹನ್ನೊಂದೂ ಮುಕ್ಕಾಲು. ಗವರ್ನರ್ ಕೂಡ 72ಕ್ಕೇ ಹಿಡಿಯುತ್ತಿತ್ತು. ಮೀಟರಿನ ಗೇರು ಬದಲಾಯಿಸಿದ ಮೇಲೆ ಎರಡೂ ದಾರಿಗೆ ಬಂದವು.

ಮಳೆಗಾಲದಲ್ಲಿ ಎರೆಮಣ್ಣಿಗೆ ಸಿಕ್ಕಿ ಒಂದೇ ಗಾಲಿ ತಿರುಗುವಾಗ, ಎರಡು ಗಾಲಿಗಳನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಆ್ಯಕ್ಸಲ್ ಒಳಗಿನ ಗೇರುಗಳನ್ನು ವೆಲ್ಡ್ ಮಾಡಿಸಿ ಅಂದವರಿದ್ದಾರೆ. ಡಾಂಬರು ರೋಡಿನ ತಿರುವಿನಲ್ಲಿ ಟೈರು ತಿಂದು ಆ್ಯಕ್ಸಲ್ ಮುರಿಯುತ್ತದೆ. ಅದರ ಗೊಡವೆಗೆ ಹೋಗಲಿಲ್ಲ.

ಟೈರು ಬಿಟ್ಟು ಒಟ್ಟು 49 ಸಾವಿರದ ಹತ್ತಿರ. ನೇರ ದಾರಿ ಹಿಡಿದಿದ್ದರೆ 33ರೊಳಗೆ ಮುಗಿಯುತ್ತಿತ್ತು. ಟಾಪ್ ಸ್ಪೀಡ್ ಹೋಗ್ತದ ಅಂದಿದ್ದವನು ಹೋದ ವಾರ ಖಣಿಯಲ್ಲಿ ಸಿಕ್ಕಿದ್ದ. "ಕಾಕಾ, ಒಂದ್ಸಲ ಗಾಡಿ ಕೆಳಗ ಮಲಗಿ ನೋಡ್ಲೇನ್ರಿ?" ಅಂದ. ನೋಡಪ್ಪಾ ಅಂದೆ. ಹೌಸಿಂಗ್ ಮೇಲೆ ಹಲ್ಲಿನ ಲೆಕ್ಕ ಬರೆದಿರುವುದಿಲ್ಲ.