ಎಸ್‌ಎಂಎ ಜೀನ್ ಚಿಕಿತ್ಸೆಗೆ ಮಕ್ಕಳ ವೈದ್ಯರನ್ನು ಸಜ್ಜುಗೊಳಿಸುವುದು ಹೇಗೆ?
ಬೆನ್ನುಹುರಿಯ ಸ್ನಾಯುಕ್ಷಯಕ್ಕೆಂದು (ಎಸ್‌ಎಂಎ) 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಜೋಲ್ಜೆನ್ಸ್ಮಾ ಎಂಬ ಜೀನ್ ಚಿಕಿತ್ಸೆಯ ಔಷಧದ ಬಗ್ಗೆ ಕಲಿಸುವಾಗ, ಇದನ್ನು ಒಮ್ಮೆ ಮಾತ್ರ ಕೊಡಲಾಗುತ್ತದೆ, ಕೊಟ್ಟ ಮೇಲೆ ಹಿಂತೆಗೆಯಲಾಗದು ಎಂಬುದನ್ನು ಮೊದಲು ಮನದಟ್ಟು ಮಾಡಿಸಿ. ಆದ್ದರಿಂದ ಎಎವಿ9 (ಜೀನನ್ನು ಹೊತ್ತೊಯ್ಯುವ ವೈರಸ್) ವಿರುದ್ಧದ ಪ್ರತಿಕಾಯ, ಯಕೃತ್ತಿನ ಕಿಣ್ವ, ಪ್ಲೇಟ್‌ಲೆಟ್ ಮತ್ತು ಟ್ರೋಪೋನಿನ್ (ಹೃದಯ ಸ್ನಾಯುವಿನ ಹಾನಿ ತೋರಿಸುವ ಪ್ರೋಟೀನ್) ವರದಿಗಳನ್ನು ಕಲಿಯುವವರೇ ಓದಿ, ಮಗು ಚಿಕಿತ್ಸೆಗೆ ಅರ್ಹವೇ ಎಂದು ಕಾರಣಸಹಿತ ಹೇಳಲಿ. ಬಳಿಕ ಹೆಪ್ಪುಗಟ್ಟಿದ್ದು ಕರಗಿದ ಔಷಧದ ಬಾಟಲಿಯನ್ನು ಕುಲುಕದೆ, ಮಗುವಿನ ತೂಕಕ್ಕೆ ತಕ್ಕಷ್ಟನ್ನು ಸಿರಿಂಜಿಗೆ ಎಳೆದು, ಸುಮಾರು 60 ನಿಮಿಷಗಳಲ್ಲಿ ರಕ್ತನಾಳಕ್ಕೆ ನಿಧಾನವಾಗಿ ಹರಿಸುವುದನ್ನು ಸಲೈನ್ ಬಳಸಿ ಅಭ್ಯಾಸ ಮಾಡಿಸಿ. ಕೈಚಳಕ ಬೇಗ ಬರುತ್ತದೆ. ಹೆಚ್ಚು ಸಮಯ ಬೇಡುವುದು ನಂತರದ ನಿಗಾ. ಔಷಧ ಕೊಡುವ ಹಿಂದಿನ ದಿನವೇ ಆರಂಭಿಸಿದ ಪ್ರೆಡ್ನಿಸೊಲೋನ್ (ರೋಗನಿರೋಧಕ ಪ್ರತಿಕ್ರಿಯೆ ತಗ್ಗಿಸುವ ಸ್ಟೀರಾಯ್ಡ್) ಅನ್ನು 30 ದಿನಗಳ ಬಳಿಕ ಯಕೃತ್ತಿನ ವರದಿ ನೋಡಿಯೇ ಹಂತಹಂತವಾಗಿ ಇಳಿಸಬೇಕು, ಕನಿಷ್ಠ ಮೂರು ತಿಂಗಳು ರಕ್ತಪರೀಕ್ಷೆ ಮುಂದುವರಿಸಬೇಕು. ಔಷಧದ ವೈರಸ್ ಅಂಶ ಮಲದಲ್ಲಿ ಹೊರಬರುವುದರಿಂದ, ಮಗುವಿನ ಡಯಾಪರ್ ಮುಟ್ಟಿದ ಕೈಗಳನ್ನು ಒಂದು ತಿಂಗಳು ಚೆನ್ನಾಗಿ ತೊಳೆದುಕೊಳ್ಳಬೇಕೆಂದು ತಾಯಿಗೆ ತಿಳಿಮಾತಿನಲ್ಲಿ ವಿವರಿಸುವುದನ್ನೂ ಪರೀಕ್ಷೆಯ ಭಾಗವಾಗಿಸಿ.